ತಾಂಬೂಲದ ಚೀಲ ಬಂದ ದಾರಿ

ಭರಣಿ ಮಳೆ ಹೊಡೆದ ಮರುದಿನ ಬೇಸಿಗೆ ಶಿಬಿರದ ಮಕ್ಕಳು ಕೆರೆಯ ಬಾಯಲ್ಲಿ ಕಸ ಹೆಕ್ಕಲು ನಿಂತರು. ಕಸದೊಳಗೆ ಒಂದು ತಾಂಬೂಲದ ಚೀಲ ಸಿಕ್ಕಿತು, ಚೀಲದ ಮೇಲೆ ವಿಳಾಸವಿತ್ತು. ಆ ವಿಳಾಸ ಹಿಡಿದು ಕಾಲುವೆಯ ಗುಂಟ ಮೇಲಕ್ಕೆ ನಡೆದವರು ಕೊನೆಗೆ ಬಂದು ನಿಂತದ್ದು ತಮ್ಮದೇ ಮನೆಯ ಹಿತ್ತಲಿಗೆ!

ರಾತ್ರಿಯೆಲ್ಲ ಹೊಡೆದ ಮಳೆ ಬೆಳಗಿನ ಜಾವಕ್ಕೆ ನಿಂತಿತ್ತು. ಕೆರೆಗೆ ನೀರು ತರುವ ಕಾಲುವೆಯ ಬಾಯಿಗೆ ಅಡ್ಡಲಾಗಿ ಹಾಕಿದ ಕಬ್ಬಿಣದ ಜಾಲರಿ ಕಾಣುತ್ತಲೇ ಇರಲಿಲ್ಲ. ಅದರ ಮುಂದೆ ಸೊಂಟದೆತ್ತರ ಕಸದ ಗೋಡೆ ಎದ್ದಿತ್ತು.

ಹಾಲಿನ ಪ್ಯಾಕೆಟ್ಟು, ಶಾಂಪೂ ಚೀಟಿ, ಥರ್ಮಾಕೋಲು, ಒಂಟಿ ಹವಾಯಿ ಚಪ್ಪಲಿ, ಎಳನೀರಿನ ಬುರುಡೆ, ಗಂಟು ಹಾಕಿದ ಕವರಿನೊಳಗೆ ಕೊಳೆತ ಹೂವಿನ ಹಾರ. ಈ ಗೋಡೆಯ ಬುಡದಲ್ಲಿ ಸಂದು ಹುಡುಕಿಕೊಂಡ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿ ಕೆರೆಗೆ ಇಳಿಯುತ್ತಿತ್ತು.

ದಂಡೆಯ ಮೇಲೆ ಇಪ್ಪತ್ತೆರಡು ಮಕ್ಕಳು. ಆರರಿಂದ ಒಂಬತ್ತನೇ ಕ್ಲಾಸಿನವರು. ಕೈಗೆ ದಪ್ಪ ರಬ್ಬರ್ ಗ್ಲೌಸು, ಕಾಲಿಗೆ ಗಮ್‌ಬೂಟು. ನೀರಿಗಿಳಿಯುವ ಹಾಗಿಲ್ಲ, ಗಾಯವಿದ್ದವರು ಕಸ ಮುಟ್ಟುವ ಹಾಗಿಲ್ಲ ಎಂದು ಶಿಬಿರದ ಮಿಸ್ ಮೊದಲೇ ಹೇಳಿದ್ದರು. ಕೊಳಚೆ ನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಬರಿಗಾಲಿನ ಒಂದು ತರಚು ಸಾಕು. ಉದ್ದ ಕೋಲಿನ ಹಲ್ಲುಕೊಕ್ಕೆ ಹಿಡಿದು ದೊಡ್ಡವರು ಕಸ ಎಳೆದು ದಂಡೆಗೆ ಹಾಕುವುದು, ಸೂಜಿ, ಗಾಜು, ಪ್ಯಾಡುಗಳನ್ನು ಅವರೇ ಬೇರೆ ಮಾಡುವುದು, ಉಳಿದದ್ದನ್ನು ಮಕ್ಕಳು ವಿಂಗಡಿಸುವುದು. ಅಂದಿನ ಕೆಲಸ ಅಷ್ಟೇ.

ಕೆರೆಯ ಹೆಸರು ಇಲ್ಲಿ ಬೇಡ. ಬೆಳ್ಳಂದೂರಿಗೆ ನೀರು ಸೇರಿಸುವ ಹತ್ತಾರು ಸಣ್ಣ ಕೆರೆಗಳಲ್ಲಿ ಅದೂ ಒಂದು.

ಮೂಟೆಗಳ ಲೆಕ್ಕ

ಈ ಕೆರೆಯಂಗಳದಲ್ಲಿ ಭಾನುವಾರದ ಬೆಳಗುಗಳನ್ನು ಕಳೆಯಲು ಶುರುಮಾಡಿ ನನಗೆ ಆರು ವರ್ಷ. ಮೊದಮೊದಲು ನಾವು ಮೂಟೆ ಎಣಿಸುತ್ತಿದ್ದೆವು. ಇವತ್ತು ಮೂವತ್ತು ಮೂಟೆ, ಇವತ್ತು ನಲವತ್ತು. ಮೂಟೆಗಳ ಸಾಲಿನ ಹಿಂದೆ ನಿಂತು ಫೋಟೊ ತೆಗೆಸಿಕೊಂಡು, ಇಡ್ಲಿ ತಿಂದು ಮನೆಗೆ ಹೋಗುತ್ತಿದ್ದೆವು. ಮುಂದಿನ ಮಳೆಗೆ ಅದೇ ಜಾಲರಿಯ ಮುಂದೆ ಅದೇ ನಲವತ್ತು ಮೂಟೆ.

ಎರಡನೇ ವರ್ಷಕ್ಕೆ ಅರ್ಧ ಜನ ಬಿಟ್ಟುಹೋದರು. ಅವರನ್ನು ನಾನು ದೂರುವುದಿಲ್ಲ. ತೊಳೆದಷ್ಟೂ ಕೊಳೆಯಾಗುವ ನೆಲವನ್ನು ಯಾರು ಎಷ್ಟು ದಿನ ಒರೆಸಿಯಾರು? ನಲ್ಲಿ ಎಲ್ಲಿ ತೆರೆದಿದೆ ಎಂದು ನೋಡಲು ನಮ್ಮಲ್ಲಿ ಯಾರೂ ಎದ್ದು ಹೋಗಿರಲಿಲ್ಲ. ಎದ್ದು ಹೋದದ್ದು ಈ ಮಕ್ಕಳು.

ವಿಂಗಡಿಸುತ್ತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಕೈಗೆ ಕೆಂಪು ಚೀಲ ಸಿಕ್ಕಿತು. ಮದುವೆಮನೆಯಲ್ಲಿ ತೆಂಗಿನಕಾಯಿ, ಎಲೆ, ಅಡಿಕೆ ಹಾಕಿಕೊಡುವ ತಾಂಬೂಲದ ಚೀಲ. ಬಟ್ಟೆಯಂತೆ ಕಂಡರೂ ಪ್ಲಾಸ್ಟಿಕ್ ನೂಲಿನದು. ಅವಳು ಅದನ್ನು ಕಲ್ಲಿನ ಮೇಲೆ ಹರಡಿ ಹೂಳನ್ನು ಒರೆಸಿದಳು. ಗಣಪತಿಯ ಚಿತ್ರ, ವಧೂವರರ ಹೆಸರು, ಹಿಂದಿನ ಗುರುವಾರದ ಮುಹೂರ್ತ, ಕೆಳಗೆ ಕಲ್ಯಾಣ ಮಂಟಪದ ಪೂರ್ತಿ ವಿಳಾಸ.

"ಮಿಸ್, ಈ ಚೌಲ್ಟ್ರಿ ನಮ್ ಸ್ಕೂಲ್ ಹತ್ರ ಇರೋದು. ಅಲ್ಲಿಂದ ಇಲ್ಲೀವರ್ಗೂ ಇದು ಹೆಂಗ್ ಬಂತು?"

ಮಿಸ್ ಉತ್ತರ ಹೇಳಲಿಲ್ಲ. "ನಡೀರಿ, ನೋಡ್ಕೊಂಡ್ ಬರೋಣ" ಎಂದರು. ಮೂಟೆಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಟೆವು.

ಕಾಲುವೆಯ ಗುಂಟ

ನಡೆದದ್ದು ಸುಮಾರು ಎರಡು ಕಿಲೊಮೀಟರ್. ಮೊದಲ ಅರ್ಧ ಕಿಲೊಮೀಟರ್ ರಾಜಕಾಲುವೆ ತೆರೆದೇ ಇದೆ, ಎರಡೂ ಬದಿ ಆಳೆತ್ತರದ ಕಾಂಕ್ರೀಟ್ ಗೋಡೆ. ಗೋಡೆಯ ಮೇಲೆ ಮಳೆಯ ಗುರುತು ತೇವವಾಗಿ ಉಳಿದಿತ್ತು. ರಾತ್ರಿ ನೀರು ಎಷ್ಟೆತ್ತರ ಹರಿಯಿತೆಂದು ಹುಡುಗರು ಕೋಲಿಟ್ಟು ಅಳೆದರು. ಮುಳ್ಳುತಂತಿಗೆ ಸಿಕ್ಕಿಕೊಂಡ ಕವರುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು.

ಸೇತುವೆ ಬಳಿ ಪೌರಕಾರ್ಮಿಕ ಮಹಿಳೆಯೊಬ್ಬರು ಕಸಬರಿಗೆ ಊರಿ ನಿಂತಿದ್ದರು. ಮಕ್ಕಳು ಚೀಲ ತೋರಿಸಿದ್ದೇ ತಡ, ಅವರಿಗೆ ಎಲ್ಲ ಗೊತ್ತಿತ್ತು. "ಚೌಲ್ಟ್ರಿ ಹಿಂದ್ಗಡೆ ಹೋಗ್ ನೋಡ್ರಪ್ಪಾ. ಮುಹೂರ್ತ ಇದ್ದ ಮಾರ್ನೇ ದಿನ ಅಲ್ಲಿ ಕಾಲಿಡಕ್ಕಾಗಲ್ಲ. ನಾನ್ ಗುಡಿಸಿ ಗುಡ್ಡೆ ಹಾಕ್ತೀನಿ, ಗಾಡಿ ಬರೋದ್ರೊಳ್ಗೆ ಮಳೆ ಬಂದ್ರೆ ಎಲ್ಲಾ ಕಾಲ್ವೆಗೇ."

ನಗರದ ನೀರಿನ ಬಗ್ಗೆ ನಾನು ಓದಿದ ಯಾವ ವರದಿಯೂ ಇದನ್ನು ಇಷ್ಟು ಚೊಕ್ಕವಾಗಿ ಹೇಳಿಲ್ಲ. ಕಸವನ್ನು ಕೆರೆಗೆ ಎಸೆಯುವವರು ಕಡಿಮೆ. ಬೀದಿಯ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರಿನ ಕೆಳಗೆ, ಖಾಲಿ ಸೈಟಿನಲ್ಲಿ ಇಟ್ಟುಹೋಗುವವರು ಹೆಚ್ಚು. ಉಳಿದ ದೂರವನ್ನು ಮಳೆ ದಾಟಿಸುತ್ತದೆ.

ಕಲ್ಯಾಣ ಮಂಟಪದ ಹಿಂಬದಿಗೆ ಸಣ್ಣ ಮೋರಿ. ಅದರ ಅಂಚಿನಲ್ಲೇ ಬಾಳೆಎಲೆಯ ರಾಶಿ, ಕಾಗದದ ಲೋಟ, ಅಂಥದೇ ಇನ್ನೂ ಐದಾರು ಕೆಂಪು ಚೀಲ. ಅಡುಗೆಮನೆಯ ಉಸ್ತುವಾರಿಯವರು ಮೊದಲು ಗಾಬರಿಯಾದರು. ಬಂದವರು ಮಕ್ಕಳೆಂದು ತಿಳಿದ ಮೇಲೆ ಕೂತು ಮಾತಾಡಿದರು. ಅಡುಗೆಯವರ ತಂಡ ಊಟ ಮುಗಿದ ಕೂಡಲೇ ಹೊರಡುತ್ತದೆ, ಸಂಜೆಗೆ ಇನ್ನೊಂದು ಪಾರ್ಟಿಯವರು ಸಾಮಾನು ಇಳಿಸುತ್ತಾರೆ, ಕಸದ ಟೆಂಪೊ ಬರುವುದು ಮಾರನೇ ದಿನ. "ನಡುವಿನ ಒಂದ್ ರಾತ್ರಿ ಎಲ್ಲಿಡೋದು ಹೇಳು ಮಗಾ?" ಎಂದು ಆ ಹುಡುಗಿಯನ್ನೇ ಕೇಳಿದರು.

ಅದು ನಿಜವಾದ ಪ್ರಶ್ನೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

┃ ಒಂದು ದಿಬ್ಬ, ಎರಡು ನದಿ
┃ ಬೆಂಗಳೂರಿನ ನಡುವೆ ಉತ್ತರ–ದಕ್ಷಿಣವಾಗಿ ಎತ್ತರದ ದಿಬ್ಬವೊಂದು ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.
┃ ಪೂರ್ವಕ್ಕೆ ಬಿದ್ದದ್ದು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ; ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ.
┃ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವುದರಿಂದಲೇ ವೃಷಭಾವತಿಗೆ ಆ ಹೆಸರು.

ಮಳೆ ನಿಂತಿದೆ, ಈ ನೀರು ಯಾರದು?

ಮಂಟಪದಿಂದ ಮುಂದೆ ಕಾಲುವೆ ಕಲ್ಲುಚಪ್ಪಡಿಗಳ ಕೆಳಗೆ ಹೋಗುತ್ತದೆ. ಮೇಲೆ ಫುಟ್‌ಪಾತು, ಎಳನೀರಿನ ಗಾಡಿ, ನಿಲ್ಲಿಸಿದ ಸ್ಕೂಟರುಗಳು. ಮಿಸ್ ಒಂದು ಚಪ್ಪಡಿಯ ಸಂದಿಯ ಬಳಿ ಎಲ್ಲರನ್ನೂ ಕೂರಿಸಿ, ಬಾಯಿಗೆ ಬೆರಳಿಟ್ಟು, ಕಿವಿಗೊಡಲು ಹೇಳಿದರು.

ಕೆಳಗೆ ನೀರು ಜುಳುಜುಳು ಹರಿಯುತ್ತಿತ್ತು.

"ಮಳೆ ನಿಂತು ಆಗ್ಲೇ ಐದು ಗಂಟೆ ಆಯ್ತು. ಮೇಲಿನ ರಸ್ತೆ ಒಣಗಿದೆ. ಹಾಗಾದ್ರೆ ಈ ನೀರು ಯಾರದು?"

ಯಾರೂ ಮಾತಾಡಲಿಲ್ಲ. ಕೊನೆಗೆ ಒಂಬತ್ತನೇ ಕ್ಲಾಸಿನ ಹುಡುಗ ಮೆಲ್ಲಗೆ, "ಬಾತ್‌ರೂಮಿಂದು" ಎಂದ.

ಕೆರೆ ಸ್ವಚ್ಛತೆಯ ಮಾತೆತ್ತಿದಾಗ ನಾವು ತಪ್ಪುವುದು ಇಲ್ಲೇ. ಪ್ಲಾಸ್ಟಿಕ್ ಕಣ್ಣಿಗೆ ಬೀಳುತ್ತದೆ, ಹೆಕ್ಕಬಹುದು, ಮೂಟೆ ಕಟ್ಟಬಹುದು. ಕೊಳಚೆ ಹಾಗಲ್ಲ, ನೀರಿನ ವೇಷದಲ್ಲೇ ಬರುತ್ತದೆ. ರಾಜಕಾಲುವೆ ಇರುವುದು ಮಳೆನೀರಿಗೆ, ಒಳಚರಂಡಿ ಇರುವುದು ಮನೆಯ ಬಳಕೆ ನೀರಿಗೆ. ಎರಡೂ ಬೇರೆ ಬೇರೆ ದಾರಿ. ಅವು ಕೂಡಿದ ದಿನ ಕೆರೆಯ ಆಯುಸ್ಸು ಕುಗ್ಗುತ್ತದೆ. ಸೋಪಿನಲ್ಲಿರುವ ರಂಜಕ, ಮಲಮೂತ್ರದ ಸಾರಜನಕ ಎರಡೂ ಅಂತರಗಂಗೆಗೆ ಗೊಬ್ಬರ. ಅದು ಕೆರೆಯ ಮೈತುಂಬ ಹಾಸಿಕೊಂಡು ಬೆಳಕನ್ನು ತಡೆಯುತ್ತದೆ, ಕೊಳೆತು ತಳದಲ್ಲಿ ಹೂಳಾಗುತ್ತದೆ.

ಬೆಳ್ಳಂದೂರು ಕೆರೆ ಸುಮಾರು 900 ಎಕರೆಯದು. 2015ರಲ್ಲಿ ಅದರ ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿ ವಾಹನಗಳನ್ನು ಮುಚ್ಚಿತು. 2017ರ ಫೆಬ್ರವರಿಯಲ್ಲಿ ಕೆರೆಯಂಗಳದಿಂದಲೇ ಬೆಂಕಿಯ ಹೊಗೆ ಎದ್ದಿತು. ಮಕ್ಕಳಲ್ಲಿ ಹೆಚ್ಚಿನವರು ಆಗ ಹುಟ್ಟಿದ್ದರು, ಅಷ್ಟೇ. ನೊರೆಯ ಕಥೆ ಅವರಿಗೆ ಅಪ್ಪ ಅಮ್ಮನ ಬಾಯಿಂದ ಗೊತ್ತು. ಆ ನೊರೆಯ ಒಂದು ಎಳೆ ತಾವು ಕೂತ ಚಪ್ಪಡಿಯ ಕೆಳಗಿನಿಂದಲೂ ಹೋಗಿತ್ತು ಎಂಬುದು ಅಂದು ಗೊತ್ತಾಯಿತು.

ಇನ್ನೊಂದು ಸಂಗತಿಯನ್ನು ಮಿಸ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೊಮೀಟರ್ ದೂರದಿಂದ ಬರುತ್ತಾಳೆ. ಪಂಪುಗಳು ಅವಳನ್ನು ಸುಮಾರು 500 ಮೀಟರ್ ಮೇಲಕ್ಕೆತ್ತಬೇಕು. ಅಷ್ಟು ಕಷ್ಟಪಟ್ಟು ಬಂದವಳು ಪೂರ್ವ ದಿಕ್ಕಿನ ಮನೆಯ ಸಿಂಕಿನಲ್ಲಿ ಇಳಿದರೆ ಮತ್ತೆ ಕಾವೇರಿಗೆ ಮರಳುವುದಿಲ್ಲ, ಪಿನಾಕಿನಿಯ ದಾರಿ ಹಿಡಿಯುತ್ತಾಳೆ. ಒಂದು ಲೋಟ ನೀರು ನಮ್ಮ ಅಡುಗೆಮನೆಯಲ್ಲಿ ನದಿ ಬದಲಿಸುತ್ತದೆ. ಇದನ್ನು ಕೇಳಿ ನನಗೇ ರೋಮಾಂಚನವಾಯಿತು, ಇನ್ನು ಮಕ್ಕಳನ್ನು ಕೇಳಬೇಕೆ?

ಕಾಲುವೆಯ ಜಾಡು ಹಿಡಿದು ಕೊನೆಗೆ ಬಂದದ್ದು ದಿಬ್ಬದ ಮೇಲಿನ ಬಡಾವಣೆಗೆ. ಅಲ್ಲಿ ರಾಜಕಾಲುವೆ ಬರಿಯ ಮಳೆಚರಂಡಿ. ಸಾಲುಮನೆಗಳ ಹಿಂದಿನ ಓಣಿಯಲ್ಲಿ ಬಿಳಿ ಪೈಪೊಂದು ಕಾಂಪೌಂಡಿನಿಂದ ಹೊರಬಂದು ಚರಂಡಿಗೆ ಬಾಯಿ ಬಿಟ್ಟಿತ್ತು. ಅದರಿಂದ ಬೆಚ್ಚಗಿನ ಸೋಪುನೀರು ಬೀಳುತ್ತಿತ್ತು.

ಅಷ್ಟು ಹೊತ್ತು ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಆರನೇ ಕ್ಲಾಸಿನ ಹುಡುಗ ನಿಂತುಬಿಟ್ಟ.

"ಮಿಸ್, ಅದು ನಮ್ಮನೆ. ವಾಷಿಂಗ್ ಮಿಷನ್‌ದು."

ಯಾರೂ ನಗಲಿಲ್ಲ. ಆ ಹುಡುಗಿ ನೋಟ್‌ಬುಕ್ ತೆಗೆದು, "ನಮ್ಮನೇದೂ ಎಲ್ಲಿಗೆ ಹೋಗತ್ತೆ ಅಂತ ನಂಗೊತ್ತಿಲ್ಲ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಮನೆಗೆ ಹೋಗಿ ಪೈಪು ಹುಡುಕುವುದು ಅಂದಿನ ಹೋಂವರ್ಕ್ ಆಯಿತು. ನಾನೂ ನನ್ನ ಮನೆಯಲ್ಲಿ ಹುಡುಕಿದೆ.

ಹನಿ ಲೆಕ್ಕದಲ್ಲಿ ಕೆರೆಯ ಉಸಿರು

ಹಿಂತಿರುಗಿ ಬಂದ ಮೇಲೆ ದಂಡೆಯ ಮೇಲೆ ಪುಟ್ಟ ಪ್ರಯೋಗಶಾಲೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಕಿಟ್ ಒಂದನ್ನು ಶಾಲೆ ಇಟ್ಟುಕೊಂಡಿದೆ. ಬಾಟಲಿಗೆ ಗುಳ್ಳೆ ಬಾರದಂತೆ ನೀರು ತುಂಬಿ, ಔಷಧ ಬೆರೆಸಿ, ಗಂಜಿಯ ಹನಿ ಹಾಕಿದರೆ ನೀರು ಕಡುನೀಲಿಯಾಗುತ್ತದೆ. ಆಮೇಲೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗಬೇಕು. ಎಷ್ಟು ಹನಿಗೆ ನೀಲಿ ಮಾಯವಾಗುತ್ತದೋ ಅಷ್ಟು ಆಮ್ಲಜನಕ.

ಕೋಡಿಯ ಬಳಿ ತೆಗೆದ ನೀರು ಹನಿ ಮೇಲೆ ಹನಿ ಬೇಡಿತು. ಕಾಲುವೆ ಬಾಯಿಯ ನೀರು ಮೊದಲೆರಡು ಹನಿಗೇ ಬಣ್ಣ ಬಿಟ್ಟಿತು. ಬಾಟಲಿ ಹಿಡಿದಿದ್ದ ಹುಡುಗ ಕಿಟ್ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಮಾಡಿದ. ಮತ್ತೆ ಎರಡೇ ಹನಿ.

ಮೊದಲ ಮಳೆಗೆ ಕೆರೆಗಳಲ್ಲಿ ಮೀನು ಸಾಯುವುದೇಕೆ ಎಂಬುದಕ್ಕೆ ಉತ್ತರ ಆ ಎರಡು ಹನಿಯಲ್ಲಿದೆ. ಬೇಸಿಗೆಯಲ್ಲಿ ಬೀದಿ, ಮೋರಿಗಳಲ್ಲಿ ಕೂಡಿಟ್ಟ ಕೊಳೆಯನ್ನೆಲ್ಲ ಮೊದಲ ಮಳೆ ಒಂದೇ ಏಟಿಗೆ ಕೆರೆಗೆ ತಳ್ಳುತ್ತದೆ. ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಳಗಿನ ಜಾವದಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ.

┃ ಕೆರೆ ಉಸಿರಾಡಲು ಎಷ್ಟು ಬೇಕು?
┃ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ, ಮೀನು ಮತ್ತು ವನ್ಯಜೀವಿಗಳಿಗೆ ಪ್ರತಿ ಲೀಟರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಸ್ನಾನಕ್ಕೆ ಇಳಿಯುವ ನೀರಿಗೆ 5 ಮಿಲಿಗ್ರಾಂ.
┃ 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದವು.

ತೂಬು ಕಾಯುತ್ತಿದ್ದವರ ಮನೆಯಿಂದ

ಅಂದು ಏರಿಯ ಮೇಲೆ ಹಸು ಮೇಯಿಸಿಕೊಂಡು ಬಂದ ತಾತನೊಬ್ಬರು ಮಕ್ಕಳ ನಡುವೆ ಕೂತರು. ಅವರ ಅಪ್ಪ ಈ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡುವುದು, ಏರಿಯಲ್ಲಿ ಇಲಿ ಬಿಲ ಕಂಡರೆ ಮುಚ್ಚುವುದು ಅವರ ಕೆಲಸ. ಕೂಲಿ ಸುಗ್ಗಿಯಲ್ಲಿ ಕಣದಲ್ಲೇ, ರಾಗಿ ಭತ್ತದ ರೂಪದಲ್ಲಿ.

"ಬ್ಯಾಸ್ಗೇಲಿ ಊರಿಗೂರೇ ಗಾಡಿ ಕಟ್ಕಂಡು ಬಂದು ಕೆರೆಗೋಡು ಹೊಡೀತಿದ್ರು. ಹೊಲಕ್ಕೆ ಅದೇ ಗೊಬ್ಬರ. ಕೆರೆ ಕ್ಲೀನ್ ಮಾಡ್ತೀವಿ ಅಂತ ಯಾರೂ ಹೇಳ್ತಿರ್ಲಿಲ್ಲ, ಮಣ್ಣು ಬೇಕಾಗಿತ್ತು, ತಗಂಡ್ ಹೋಗ್ತಿದ್ರು."

ತಾತನ ಮಾತು ನನ್ನನ್ನು ಬಹಳ ದಿನ ಕಾಡಿತು. ಕೆರೆ ಆಗ ಸ್ವಚ್ಛವಾಗಿದ್ದದ್ದು ಜನ ಒಳ್ಳೆಯವರಾಗಿದ್ದರು ಎಂದಲ್ಲ, ಕೆರೆಯ ಹೂಳಿಗೂ ಅವರ ಹೊಲಕ್ಕೂ ನಂಟಿತ್ತು ಎಂದು. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಕೊಟ್ಟ ಭೂಮಿಯ, ಪಾಲಿನ ಲೆಕ್ಕ ಅದು. ನಲ್ಲಿ ಬಂದ ಮೇಲೆ ಅಚ್ಚುಕಟ್ಟು ಸೈಟುಗಳಾಯಿತು, ನೀರುಗಂಟಿಯ ಕೆಲಸ ಹೋಯಿತು, ಕೆರೆಗೂ ಮನೆಗೂ ಉಳಿದ ನಂಟು ಆ ಬಿಳಿ ಪೈಪು ಒಂದೇ. ಜಲಾನಯನ ಎಂಬ ದೊಡ್ಡ ಪದವನ್ನು ಪಠ್ಯದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ಮಕ್ಕಳಿಗೆ, ತಾವು ಅದರೊಳಗೇ ಸ್ನಾನ ಮಾಡುತ್ತಿದ್ದೇವೆ ಎಂದು ಹೇಳಿಕೊಟ್ಟವರು ಯಾರಿದ್ದಾರೆ?

┃ ಇಲ್ಲೊಂದು ಕೆರೆ ಇತ್ತು
┃ ಧರ್ಮಾಂಬುಧಿ: ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ: ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆ: ಹಾಕಿ ಕ್ರೀಡಾಂಗಣ. ಕೋರಮಂಗಲ ಕೆರೆ: ರಾಷ್ಟ್ರೀಯ ಕ್ರೀಡಾಗ್ರಾಮದ ವಸತಿ ಸಮುಚ್ಚಯ. ಚಲ್ಲಘಟ್ಟ ಕೆರೆ: ಗಾಲ್ಫ್ ಮೈದಾನ.

ಕೆಳಗಿನ ಊರಿನವರು

ಮೇಲ್ದಾರಿ ನಡೆದ ಮಕ್ಕಳಿಗೆ ಕೆಳದಾರಿಯನ್ನೂ ತೋರಿಸಬೇಕು ಎಂಬುದು ಮಿಸ್ ಹಟ. ಮುಂದಿನ ವಾರ ಒಂದು ಬಸ್ಸು ಮಾಡಿಕೊಂಡು ಕೋಲಾರದ ಕಡೆ ಹೋದೆವು.

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹಾಯಿಸುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು ಮೊದಲು ತಲುಪಿದ್ದು ಲಕ್ಷ್ಮೀಸಾಗರ ಕೆರೆಗೆ, 2018ರಲ್ಲಿ. ಗುರಿ ಇದ್ದದ್ದು 126 ಕೆರೆ. ಸಾವಿರಾರು ಅಡಿ ಕೊಳವೆಬಾವಿ ಕೊರೆದು ಸೋತಿದ್ದ ಜಿಲ್ಲೆಯಲ್ಲಿ ಎಷ್ಟೋ ವರ್ಷದ ಮೇಲೆ ಕೆರೆಗಳು ತುಂಬಿದವು. ಅದೇ ವರ್ಷ ಆ ನೀರಿನಲ್ಲಿ ನೊರೆ ಕಾಣಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಇಷ್ಟೇ ಸಂಸ್ಕರಣೆ ಸಾಕೇ, ಅಂತರ್ಜಲಕ್ಕೆ ಇಳಿಯುವ ನೀರು ಇನ್ನೂ ಶುದ್ಧವಾಗಬೇಡವೇ ಎಂಬ ಕೋಲಾರದವರ ಪ್ರಶ್ನೆ ಇವತ್ತಿಗೂ ನ್ಯಾಯವಾದದ್ದು.

ಕೆರೆ ಏರಿಯ ಮೇಲೆ ಟೊಮೆಟೊ ಕ್ರೇಟು ಜೋಡಿಸುತ್ತಿದ್ದ ರೈತರೊಬ್ಬರು, ಎಲ್ಲಿಂದ ಬಂದಿರಿ ಎಂದು ಕೇಳಿದರು. ಬೆಂಗಳೂರು ಎಂದ ಕೂಡಲೇ, "ಓ, ನಮ್ ನೀರಿನೋರು" ಎಂದರು. ಆ ಒಂದು ಮಾತಿಗೆ ವಾಷಿಂಗ್ ಮಿಷನ್ನಿನ ಹುಡುಗ ತಲೆಯೆತ್ತಿ ಅವರನ್ನೇ ನೋಡಿದ. ಎಷ್ಟೋ ಹೊತ್ತು ನೋಡುತ್ತಲೇ ಇದ್ದ.

ಮಕ್ಕಳು ಕೆರೆಯ ಬಾಯಲ್ಲಿ ಮಾಡಿದಂಥ ಕೆಲಸ ದೊಡ್ಡದಾಗಿಯೂ ನಡೆದಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಸ್ವತಃ ಹಿರೇಹಳ್ಳಕ್ಕೆ ಇಳಿದು, ಹೂಳು ಮತ್ತು ಗಿಡಗಂಟಿ ತುಂಬಿದ್ದ 20 ಕಿಲೊಮೀಟರಿಗೂ ಹೆಚ್ಚು ಉದ್ದದ ಹಳ್ಳವನ್ನು ಜನರನ್ನು ಕೂಡಿಸಿಕೊಂಡು ಬಿಡಿಸಿದರು. ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದಿನಿಬೆಟ್ಟದಲ್ಲಿ ಕುರಿ ಕಾಯುತ್ತಲೇ ಹದಿನಾರು ಕಟ್ಟೆಗಳನ್ನು ತೋಡಿಸಿ 2022ರಲ್ಲಿ ತೀರಿಕೊಂಡರು. ಒಂದು ಕಟ್ಟೆಯ ನೀರು ಹೆಚ್ಚಾದರೆ ಕೆಳಗಿನದಕ್ಕೆ ಇಳಿಯಬೇಕು ಎಂಬುದನ್ನು ಅವರು ಬೆಟ್ಟವನ್ನು ನೋಡಿಯೇ ಕಲಿತವರು. ನಮ್ಮ ನಗರದಲ್ಲೇ ಜಕ್ಕೂರು ಕೆರೆಗೆ ಹೋದರೆ ಕೊಳಚೆ ಮೊದಲು ಸಂಸ್ಕರಣಾ ಘಟಕಕ್ಕೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಜೊಂಡಿನ ಬೇರುಗಳು ಉಳಿದ ಕೊಳೆಯನ್ನು ಹೀರುತ್ತವೆ. ಆ ಕೆರೆಯಲ್ಲಿ ಹೆಜ್ಜಾರ್ಲೆಗಳು ಈಜುತ್ತವೆ, ಮೀನುಗಾರರು ಬಲೆ ಬೀಸುತ್ತಾರೆ.

ಮತ್ತೆ ಜಾಲರಿಯ ಮುಂದೆ

ಮಕ್ಕಳು ಕಲ್ಯಾಣ ಮಂಟಪಕ್ಕೆ ಪತ್ರ ಬರೆದರು. ನಡುವಿನ ಆ ಒಂದು ರಾತ್ರಿಗೆ ಕಸ ಎಲ್ಲಿಡಬೇಕೆಂಬುದಕ್ಕೆ ಉತ್ತರವನ್ನೂ ಬರೆದರು: ಹಿಂಬದಿಯ ಜಗಲಿಯ ಮೇಲೆ, ಮೋರಿಯಿಂದ ದೂರ, ಮುಚ್ಚಳವಿರುವ ತಂತಿಬಲೆಯ ಗೂಡು. ಜೊತೆಗೆ ಅಳತೆ ಹಾಕಿದ ಚಿತ್ರ. ಉಸ್ತುವಾರಿಯವರು ಮಾಲೀಕರನ್ನು ಒಪ್ಪಿಸಿ ಗೂಡು ಮಾಡಿಸಿದರು. ಆರನೇ ಕ್ಲಾಸಿನವನ ಅಪ್ಪ ಪ್ಲಂಬರನ್ನು ಕರೆಸಿ ಪೈಪನ್ನು ಒಳಚರಂಡಿಗೆ ಸೇರಿಸಿದರು. ಬಡಾವಣೆಯಲ್ಲಿ ಇನ್ನೂ ಹನ್ನೊಂದು ಪೈಪುಗಳನ್ನು ಮಕ್ಕಳು ಗುರುತು ಮಾಡಿದ್ದಾರೆ. ನಾಲ್ಕು ಮನೆಯವರು ಬಾಗಿಲು ತೆಗೆದಿದ್ದಾರೆ.

ಕಳೆದ ಭಾನುವಾರ, ಕೃತ್ತಿಕಾ ಮಳೆ ಹೊಡೆದ ಮರುಬೆಳಿಗ್ಗೆ ಎಲ್ಲರೂ ಮತ್ತೆ ಕೆರೆಯ ಬಾಯಲ್ಲಿ ಸೇರಿದೆವು. ಕಸದ ಗೋಡೆ ಇತ್ತು. ಸೊಂಟದೆತ್ತರ ಇರಲಿಲ್ಲ, ಮೊಣಕಾಲಿನಷ್ಟಿತ್ತು. ಮಳೆ ಆ ರಾತ್ರಿಯಷ್ಟು ಜೋರಾಗಿರಲಿಲ್ಲ, ಅದೂ ನಿಜ.

ಕೆಂಪು ಚೀಲ ಒಂದೂ ಸಿಗಲಿಲ್ಲ. ಹಳದಿ ಬಣ್ಣದ್ದೊಂದು ಸಿಕ್ಕಿತು. ಹುಡುಗಿ ಅದನ್ನು ಅದೇ ಕಲ್ಲಿನ ಮೇಲೆ ಹರಡಿ, ಹೂಳು ಒರೆಸಿ, ವಿಳಾಸ ಓದಿದಳು. ನೋಟ್‌ಬುಕ್ಕಿನಲ್ಲಿ ತಾನೇ ಬರೆದ ಕಾಲುವೆಗಳ ನಕ್ಷೆ ತೆಗೆದು ಬೆರಳಿಟ್ಟು ಹುಡುಕಿದಳು.

"ಇದು ಆ ಕಡೆ ಕಾಲ್ವೇದು ಮಿಸ್" ಎಂದು ಗಮ್‌ಬೂಟಿನ ಕೆಸರು ಕೊಡವಿ ಎದ್ದಳು.